ಮೊಸರಾಗದ ಹಾಲು ಮತ್ತು ಅಣುವಿನ ಅಚ್ಚು



ಸಂಘದ ಸಭೆಗೆ ಬಂದಾಗಲೆಲ್ಲ ನಿಮ್ಮಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತೀರಿ. “ಡಾಕ್ಟ್ರೇ, ರಾತ್ರಿ ಹೆಪ್ಪು ಹಾಕಿದ್ದೆ, ಬೆಳಿಗ್ಗೆ ನೋಡಿದರೆ ಹಾಲು ಹಾಲಾಗೇ ಇದೆ. ಹೆಪ್ಪು ಕೆಟ್ಟಿತ್ತೋ, ಚಳಿ ಜಾಸ್ತಿ ಆಯಿತೋ?” ಚಳಿಯೂ ಇರಬಹುದು, ಹೆಪ್ಪು ಹಳೆಯದೂ ಆಗಿರಬಹುದು. ಆದರೆ ನಾನು ಮೊದಲು ತಿರುಗಿ ಕೇಳುವುದು ಬೇರೆ: ಈ ವಾರದಲ್ಲಿ ಹಸುವಿಗೆ ಇಂಜೆಕ್ಷನ್ ಆಗಿದೆಯಾ? ಕೆಚ್ಚಲಿಗೆ ಟ್ಯೂಬ್ ಹಾಕಿಸಿದ್ದಿರಾ?

ಹಾಲನ್ನು ಮೊಸರು ಮಾಡುವುದು ಹೆಪ್ಪಿನಲ್ಲಿರುವ, ಕಣ್ಣಿಗೆ ಕಾಣದ ಜೀವಾಣುಗಳು. ಕೆಚ್ಚಲು ಬಾವಿಗೆ ನಾವು ಕೊಡುವ ಪೆನಿಸಿಲಿನ್ ಬಳಗದ ಔಷಧಗಳು ಇರುವುದೇ ಜೀವಾಣುಗಳನ್ನು ಕೊಲ್ಲುವುದಕ್ಕೆ. ಇದು ರೋಗದ ಜೀವಾಣು, ಇದು ಮೊಸರಿನ ಜೀವಾಣು ಎಂಬ ಭೇದ ಔಷಧಕ್ಕೆ ತಿಳಿಯದು. ಅದು ಹಾಲಿನಲ್ಲಿ ಸಾಕಷ್ಟು ಉಳಿದಿದ್ದರೆ ಹೆಪ್ಪು ಸತ್ತು ಹೋಗುತ್ತದೆ. ಹಾಗಾಗಿ ನಿಮ್ಮ ಅಡುಗೆಮನೆಯ ಮೊಸರಿನ ಪಾತ್ರೆಯೇ ಔಷಧದ ಅಂಶ ಹಿಡಿಯುವ ಅತ್ಯಂತ ಹಳೆಯ ಪರೀಕ್ಷೆ ಎನ್ನಬಹುದು. ಆದರೆ ಔಷಧ ಹೆಚ್ಚಿದ್ದಾಗ ಮಾತ್ರ ಅದು ಬಾಯಿ ಬಿಡುತ್ತದೆ. ಮೊಸರು ಗಟ್ಟಿಯಾಗಿ ಬಂತು ಎಂದ ಮಾತ್ರಕ್ಕೆ ಹಾಲು ಶುದ್ಧ ಎಂದು ಹೇಳುವಂತಿಲ್ಲ.

ಎಷ್ಟು ಕಡಿಮೆ ಪ್ರಮಾಣವನ್ನು ಹಿಡಿಯಬೇಕು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಂತೆ ಒಂದು ಕಿಲೋ ಹಾಲಿನಲ್ಲಿ ಪೆನಿಸಿಲಿನ್ 4 ಮೈಕ್ರೋಗ್ರಾಂಗಿಂತ ಹೆಚ್ಚಿರಬಾರದು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ 10,000 ಲೀಟರಿನ ಒಂದು ಟ್ಯಾಂಕರ್ ಹಾಲಿಗೆ ಈ ಲೆಕ್ಕ ಹಾಕಿದರೆ ಸುಮಾರು 40 ಮಿಲಿಗ್ರಾಂ, ಅಂದರೆ ಹೆಚ್ಚುಕಡಿಮೆ ಎರಡು ಅಕ್ಕಿ ಕಾಳಿನ ತೂಕ ಬರುತ್ತದೆ. ಒಂದು ಹಸುವಿಗೆ ಒಂದು ಸಲಕ್ಕೆ ಕೊಡುವ ಔಷಧ ಗ್ರಾಂ ಲೆಕ್ಕದಲ್ಲಿರುತ್ತದೆ. ಒಬ್ಬರ ಮನೆಯ ಒಂದು ಹೊತ್ತಿನ ಹಾಲು ಇಡೀ ಟ್ಯಾಂಕರನ್ನು ಏಕೆ ಕೆಡಿಸಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ. ಫ್ಯಾಟು, ಎಸ್‌ಎನ್‌ಎಫ್ ನೋಡುವ ನಮ್ಮ ಯಂತ್ರಕ್ಕೆ ಇದು ಕಾಣಿಸುವುದೇ ಇಲ್ಲ. ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಈ ಹಾಲು ತೊಂದರೆ ಕೊಡುತ್ತದೆ. ಮಿಕ್ಕವರ ಹೊಟ್ಟೆಗೆ ದಿನವೂ ಸ್ವಲ್ಪ ಸ್ವಲ್ಪ ಔಷಧ ಹೋಗುತ್ತಿದ್ದರೆ ಜೀವಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಮುಂದೆ ನಿಜವಾಗಿ ಕಾಯಿಲೆ ಬಂದಾಗ ಅದೇ ಔಷಧ ಕೆಲಸ ಮಾಡುವುದಿಲ್ಲ.

ಮೂರು ಮೊಲೆಯ ಹಾಲು

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಜೋರು ಮಳೆಯ ಸಂಜೆ, ಚೊಚ್ಚಲ ಕರು ಹಾಕಿದ್ದ ಹಸುವಿಗೆ ಕೆಚ್ಚಲು ಬಾವು. ಇಂಜೆಕ್ಷನ್ ಕೊಟ್ಟು, ಬಾವು ಬಂದ ಮೊಲೆಗೆ ಟ್ಯೂಬ್ ಹಾಕಿ, ನಾಳೆ ನಾಡಿದ್ದು ಮತ್ತೆ ಹಾಕಬೇಕು ಎಂದು ಹೇಳಿ ಹೊರಟೆ. ಹಾಲಿನ ಬಗ್ಗೆ ಒಂದು ಮಾತನ್ನೂ ಹೇಳಲಿಲ್ಲ. ಆ ಅಕ್ಕ ಬಾವು ಬಂದ ಮೊಲೆಯ ಹಾಲನ್ನು ಬೇರೆ ಕರೆದು ಚೆಲ್ಲಿದರು. ಉಳಿದ ಮೂರು ಮೊಲೆಯ ಹಾಲನ್ನು ಡೇರಿಗೆ ಹಾಕಿದರು. ಮಾರನೆಯ ದಿನ ಶೀತಲೀಕರಣ ಕೇಂದ್ರದ ಪರೀಕ್ಷೆಯಲ್ಲಿ ಔಷಧದ ಅಂಶ ಸಿಕ್ಕಿತು. ಹಲವು ಊರುಗಳ ಹಾಲು ಒಟ್ಟಿಗೆ ನಿಂತಿತು. ಯಾವ ಸಂಘ, ಯಾವ ಕ್ಯಾನು, ಯಾರ ಮನೆ ಎಂದು ಹುಡುಕುವಷ್ಟರಲ್ಲಿ ಸಂಜೆಯಾಗಿತ್ತು. “ಕೆಟ್ಟ ಮೊಲೆಯ ಹಾಲು ನಾನು ಹಾಕಲೇ ಇಲ್ಲವಲ್ಲ” ಎಂದು ಆ ಅಕ್ಕ ಸಂಘದ ಬಾಗಿಲಲ್ಲಿ ನಿಂತು ಅತ್ತರು. ಅವರು ಹೇಳಿದ್ದು ನಿಜವೇ. ತಪ್ಪು ನನ್ನದಾಗಿತ್ತು. ಅಲ್ಲಿಗೆ ಹೋಗಿ ಎಲ್ಲರ ಮುಂದೆ ಹಾಗೇ ಹೇಳಿದೆ. ಆದರೆ ಅಷ್ಟರಲ್ಲಿ ಊರಿನವರು ಆಡುವ ಮಾತು ಆಡಿ ಮುಗಿಸಿದ್ದರು.

ಇಂಜೆಕ್ಷನ್ ಕೊಟ್ಟ ಔಷಧ ರಕ್ತದಲ್ಲಿ ಸುತ್ತಿ ನಾಲ್ಕೂ ಮೊಲೆಗೆ ಬರುತ್ತದೆ. ಒಂದೇ ಮೊಲೆಗೆ ಹಾಕಿದ ಟ್ಯೂಬಿನ ಔಷಧವೂ ಸ್ವಲ್ಪ ಮಟ್ಟಿಗೆ ರಕ್ತಕ್ಕೆ ಸೇರಿ ಉಳಿದ ಮೊಲೆಗಳಲ್ಲಿ ಇಳಿಯಬಹುದು. ಆದ್ದರಿಂದ ಚಿಕಿತ್ಸೆಯಲ್ಲಿರುವ ಹಸುವಿನ ನಾಲ್ಕೂ ಮೊಲೆಯ ಹಾಲನ್ನು ತಡೆಯಬೇಕು. ಎಷ್ಟು ದಿನ ಎಂಬುದು ಔಷಧದ ಲೇಬಲ್ಲಿನ ಮೇಲೆ ಇರುತ್ತದೆ. 2012ರಲ್ಲಿ ಔಷಧ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಇಂಥ ಅವಧಿ ನಿಗದಿಯಾಗಿಲ್ಲದ ಔಷಧಕ್ಕೆ ಹಾಲಿನ ವಿಷಯದಲ್ಲಿ ಕನಿಷ್ಠ 7 ದಿನ ಬಿಡಬೇಕು. ದಿನಕ್ಕೆ 8 ಲೀಟರ್ ಕೊಡುವ ಹಸುವಾದರೆ 56 ಲೀಟರ್ ಹಾಲು. ನಿಮಗೆ ಸಿಗುವ ದರದಿಂದ ಗುಣಿಸಿ ನೋಡಿ. ಇದು ಸಣ್ಣ ನಷ್ಟ ಎಂದು ನಾನು ಹೇಳುವುದಿಲ್ಲ. ಆ ಬಟವಾಡೆಯಲ್ಲೇ ಮಗುವಿನ ಫೀಸು, ಹಿಂಡಿಯ ಸಾಲ ಎಲ್ಲ ಇರುತ್ತದೆ ಎಂಬುದು ನನಗೂ ಗೊತ್ತು.

ಇಲ್ಲಿ ಇನ್ನೊಂದು ತೊಡಕಿದೆ. ಪರೀಕ್ಷೆಗೆ ಖರ್ಚು ಹೆಚ್ಚು. ಹಾಗಾಗಿ ಒಬ್ಬೊಬ್ಬರ ಹಾಲನ್ನು ನೋಡುವುದಕ್ಕೆ ಆಗುವುದಿಲ್ಲ, ಕೂಡಿದ ಹಾಲನ್ನು ನೋಡುತ್ತೇವೆ. ಒಬ್ಬರ ತಪ್ಪಿಗೆ ಹತ್ತು ಜನ ಬೆಲೆ ತೆರುತ್ತಾರೆ. ತಪ್ಪೇ ಮಾಡದವರ ಮೇಲೂ ಅನುಮಾನ ಬೀಳುತ್ತದೆ. ಸಂಘದ ಬಾಗಿಲಲ್ಲೇ, ಕಡಿಮೆ ಖರ್ಚಿನಲ್ಲಿ, ಪ್ರತಿ ಕ್ಯಾನನ್ನೂ ನೋಡುವಂತಿದ್ದರೆ ಈ ಅನ್ಯಾಯ ತಪ್ಪುತ್ತದೆ. ಅಂಥ ಪರೀಕ್ಷೆಗಾಗಿ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ನಡೆಯುತ್ತಿರುವ ಕೆಲಸವೇ ಈ ತಿಂಗಳ ಪಾಠ.

ಈಗ ಹೇಗೆ ಹಿಡಿಯುತ್ತೇವೆ

ಈಗಿರುವ ಒಂದು ವಿಧಾನ ನಿಮ್ಮ ಮೊಸರಿನ ಪಾತ್ರೆಯ ಅಣ್ಣ. ಬಿಸಿಯಲ್ಲಿ ಬೆಳೆಯುವ ಒಂದು ಜೀವಾಣುವನ್ನು ಸಣ್ಣ ಕೊಳವೆಯಲ್ಲಿಟ್ಟು, ಹಾಲಿನ ಕೆಲವು ಹನಿ ಹಾಕಿ, ಸುಮಾರು 64 ಡಿಗ್ರಿ ಶಾಖದಲ್ಲಿ ಎರಡೂವರೆ ಮೂರು ಗಂಟೆ ಇಡುತ್ತಾರೆ. ಜೀವಾಣು ಬೆಳೆದರೆ ಹುಳಿ ಹುಟ್ಟಿ ನೇರಳೆ ಬಣ್ಣ ಹಳದಿಗೆ ತಿರುಗುತ್ತದೆ. ಔಷಧ ಇದ್ದರೆ ನೇರಳೆ ನೇರಳೆಯಾಗಿಯೇ ಉಳಿಯುತ್ತದೆ. ನಂಬಿಕಸ್ಥ ಪರೀಕ್ಷೆ, ಆದರೆ ಬೆಳಗಿನ ಹಾಲಿನ ಗಾಡಿ ಮೂರು ಗಂಟೆ ಕಾಯುವುದಿಲ್ಲ.

ಎರಡನೆಯದು ಪಟ್ಟಿಯ ಪರೀಕ್ಷೆ. ಗರ್ಭ ಪರೀಕ್ಷೆಯ ಪಟ್ಟಿಯ ಹಾಗೆ ಗೆರೆ ಮೂಡುತ್ತದೆ, ಕೆಲವು ನಿಮಿಷಗಳ ಕೆಲಸ. ಇದರಲ್ಲಿ ಔಷಧದ ಕಣವನ್ನು ಹಿಡಿಯುವುದು ಪ್ರತಿಕಾಯ ಅಥವಾ ಅಂಥದೇ ಒಂದು ಪ್ರೋಟೀನು. ಪ್ರತಿಕಾಯ ಎಂದರೆ ಕಾಯಿಲೆಯನ್ನು ಗುರುತಿಸಿ ಹಿಡಿಯಲು ಪ್ರಾಣಿಯ ಮೈ ತಯಾರಿಸುವ ಪದಾರ್ಥ. ಲಸಿಕೆ ಹಾಕಿದಾಗ ನಿಮ್ಮ ಹಸುವಿನ ಮೈಯಲ್ಲಿ ಹುಟ್ಟುವುದೂ ಅದೇ. ಜೀವಿಗಳಿಂದ ತೆಗೆದದ್ದಾದ್ದರಿಂದ ಲಸಿಕೆಗೆ ಹೇಗೋ ಈ ಪಟ್ಟಿಗಳಿಗೂ ಹಾಗೇ ತಂಪು ಬೇಕು, ಸಾಮಾನ್ಯವಾಗಿ 2ರಿಂದ 8 ಡಿಗ್ರಿ. ಕರೆಂಟು ಹೋಗುವ ಊರಿನಲ್ಲಿ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಇದನ್ನು ಕಾಪಾಡುವುದು ಎಷ್ಟು ಕಷ್ಟ ಎಂದು ನಮ್ಮ ಲಸಿಕೆ ಡಬ್ಬ ಹೊರುವ ಹುಡುಗರನ್ನು ಕೇಳಿ. ಪಟ್ಟಿಯ ಬೆಲೆಯೂ ಹೆಚ್ಚು. ಒಮ್ಮೆ ಬಳಸಿದರೆ ಮುಗಿಯಿತು.

ಕೆಸರಿನ ಗೊರಸು

ಮಳೆ ನಿಂತ ಮೇಲೆ ಕೊಟ್ಟಿಗೆಯ ಮುಂದಿನ ಕೆಸರಿನಲ್ಲಿ ಹಸುವಿನ ಗೊರಸಿನ ಗುರುತು ಬಿದ್ದಿರುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಅದು ಹಾಗೇ ಗಟ್ಟಿಯಾಗುತ್ತದೆ. ಆ ಗುಂಡಿಯಲ್ಲಿ ಅದೇ ಅಳತೆಯ ಗೊರಸು ಸರಿಯಾಗಿ ಕೂರುತ್ತದೆ. ಕರುವಿನ ಗೊರಸು ಇಟ್ಟರೆ ಅಲುಗಾಡುತ್ತದೆ, ನಾಯಿಯ ಪಾದವಂತೂ ಹೊಂದುವುದೇ ಇಲ್ಲ.

ಪೆನಿಸಿಲಿನ್ನಿನ ಒಂದು ಅಣು, ಅಂದರೆ ಅದರ ಅತಿ ಚಿಕ್ಕ ಕಣ, ಹೀಗೆ ಗುರುತು ಬಿಡುವಂತೆ ಮಾಡಿದರೆ? ವಿಜ್ಞಾನಿಗಳು ಮಾಡಿದ್ದು ಅದನ್ನೇ. ಕೆಸರಿನ ಬದಲು ಅವರು ತೆಗೆದುಕೊಂಡದ್ದು ಪ್ಲಾಸ್ಟಿಕ್ ಆಗಬಲ್ಲ ದ್ರವ. ಇದಕ್ಕೆ ಬಹಳ ಸಲ ಬಳಸುವ ಮೆಥಾಕ್ರಿಲಿಕ್ ಆಮ್ಲ, ಹಲ್ಲಿನ ಸೆಟ್ಟು ಮಾಡುವ ಅಕ್ರಿಲಿಕ್ಕಿನ ಬಳಗದ್ದೇ. ಈ ದ್ರವಕ್ಕೆ ಔಷಧದ ಕಣಗಳನ್ನು ಬೆರೆಸುತ್ತಾರೆ. ದ್ರವದ ಸಣ್ಣ ಸಣ್ಣ ಕೊಂಡಿಗಳು ಔಷಧದ ಕಣವನ್ನು ಸುತ್ತಲಿಂದ ಹಿಡಿದುಕೊಳ್ಳುತ್ತವೆ. ಆಮೇಲೆ ಶಾಖವನ್ನೋ ಅತಿನೇರಳೆ ಬೆಳಕನ್ನೋ ಕೊಟ್ಟು ದ್ರವವನ್ನು ಗಟ್ಟಿ ಮಾಡುತ್ತಾರೆ. ಕೊನೆಗೆ ಆಮ್ಲ ಬೆರೆಸಿದ ಮದ್ಯಸಾರದಂಥದರಲ್ಲಿ ಚೆನ್ನಾಗಿ ತೊಳೆದು ಔಷಧವನ್ನು ಹೊರಗೆ ತೆಗೆಯುತ್ತಾರೆ. ಉಳಿಯುವುದು ಪೆನಿಸಿಲಿನ್ ಆಕಾರದ ಲೆಕ್ಕವಿಲ್ಲದಷ್ಟು ಖಾಲಿ ಗುಂಡಿಗಳು. ಆಕಾರ ಮಾತ್ರವಲ್ಲ, ಹಿಡಿದುಕೊಳ್ಳುವ ಕೊಂಡಿಗಳೂ ಆಯಾ ಜಾಗದಲ್ಲೇ ಉಳಿದಿರುತ್ತವೆ. ಮತ್ತೆ ಅದೇ ಕಣ ಎದುರು ಬಂದರೆ ಹೋಗಿ ಕೂರುತ್ತದೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವವರಿಗೆ ಹೆಸರು ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ: ಇದನ್ನು ಅಣು ಅಚ್ಚಿನ ಪಾಲಿಮರ್ ಎನ್ನಬಹುದು.

ಇದರ ಹುಟ್ಟಿನ ಹಿಂದೆ ಒಂದು ತಮಾಷೆಯ ಕಥೆ ಇದೆ. 1940ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಎಂಬ ದೊಡ್ಡ ರಸಾಯನ ವಿಜ್ಞಾನಿ, ಮೈಯಲ್ಲಿ ಪ್ರತಿಕಾಯಗಳು ಹುಟ್ಟುವುದೇ ಹೀಗೆ, ಹೊರಗಿನಿಂದ ಬಂದ ಕಣದ ಸುತ್ತ ಅಚ್ಚಿನಂತೆ ಮಡಿಚಿಕೊಂಡು ಎಂದು ಊಹಿಸಿದರು. ಆ ಊಹೆ ತಪ್ಪಾಗಿತ್ತು, ಮೈ ಕೆಲಸ ಮಾಡುವುದು ಬೇರೆ ರೀತಿ. ಆದರೆ ಅವರ ಬಳಿ ಕೆಲಸ ಮಾಡುತ್ತಿದ್ದ ಫ್ರಾಂಕ್ ಡಿಕಿ ಆ ಊಹೆಯನ್ನೇ ಹಿಡಿದು, ಸಿಲಿಕಾ ಎಂಬ ಮರಳಿನ ಜಾತಿಯ ಪದಾರ್ಥದಲ್ಲಿ ಬಣ್ಣದ ಕಣಗಳ ಅಚ್ಚು ಮೂಡಿಸಿ 1949ರಲ್ಲಿ ಪ್ರಕಟಿಸಿದರು. 1972ರಲ್ಲಿ ಜರ್ಮನಿಯ ಗುಂಟರ್ ವುಲ್ಫ್ ಪ್ಲಾಸ್ಟಿಕ್ಕಿನಲ್ಲಿ ಇದನ್ನು ಮಾಡಿ ತೋರಿಸಿದರು. ಸ್ವೀಡನ್ನಿನ ಕ್ಲೌಸ್ ಮೋಸ್‌ಬಾಕ್ ಅವರ ತಂಡ ವಿಧಾನವನ್ನು ಸುಲಭ ಮಾಡಿತು. 1993ರಲ್ಲಿ ಅದೇ ತಂಡ, ಎರಡು ಔಷಧಗಳನ್ನು ಅಳೆಯಲು ಪ್ರತಿಕಾಯದ ಬದಲು ಅಚ್ಚಿನ ಪಾಲಿಮರನ್ನೇ ಬಳಸಬಹುದು ಎಂದು ತೋರಿಸಿತು. ತಪ್ಪು ಊಹೆಯೂ ಒಮ್ಮೊಮ್ಮೆ ಹೀಗೆ ಫಲ ಕೊಡುತ್ತದೆ.

ಇನ್ನು ಯಂತ್ರದ ಮಾತು. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಶುಗರ್ ನೋಡುವ ಪುಟ್ಟ ಮಿಷಿನ್ನು, ಅದರ ಪಟ್ಟಿ ನೋಡಿರುತ್ತೀರಿ. ಅಂಥದೇ ಪಟ್ಟಿಯ ಮೇಲೆ ಕೂದಲಿಗಿಂತ ಬಹಳ ತೆಳುವಾಗಿ ಈ ಅಚ್ಚಿನ ಪೊರೆ ಕೂರಿಸುತ್ತಾರೆ. ಕಬ್ಬಿಣದ ಒಂದು ಲವಣದ ನೀರನ್ನು ಹಾಕಿದಾಗ, ಅದು ಖಾಲಿ ಗುಂಡಿಗಳ ಮೂಲಕ ಕೆಳಗಿನ ಪಟ್ಟಿಯನ್ನು ಮುಟ್ಟಿ ಅತಿ ಸಣ್ಣ ವಿದ್ಯುತ್ತು ಹರಿಯುತ್ತದೆ. ಹಾಲಿನಲ್ಲಿ ಔಷಧ ಇದ್ದು ಗುಂಡಿಗಳು ತುಂಬಿಕೊಂಡರೆ ದಾರಿ ಮುಚ್ಚಿ ವಿದ್ಯುತ್ತು ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದರಿಂದ ಔಷಧ ಎಷ್ಟಿದೆ ಎಂದು ಮಿಷಿನ್ನು ಅಂಕಿ ತೋರಿಸುತ್ತದೆ. ಪ್ಲಾಸ್ಟಿಕ್ ಆದ್ದರಿಂದ ಇದಕ್ಕೆ ಫ್ರಿಜ್ ಬೇಡ, ಬಿಸಿಲಿಗೆ ಸಾಯುವುದಿಲ್ಲ. ಕೆಲವನ್ನು ತೊಳೆದು ಮತ್ತೆ ಬಳಸಬಹುದು. ನನಗೆ ಇದರಲ್ಲಿ ಆಸೆ ಹುಟ್ಟಿರುವುದೂ ಈ ಕಾರಣಕ್ಕೇ. ನಮ್ಮ ಹಳ್ಳಿಯ ಸಂಘಕ್ಕೆ ಬೇಕಾದದ್ದು ಕೋಟಿ ರೂಪಾಯಿಯ ಯಂತ್ರವಲ್ಲ, ಕಪಾಟಿನಲ್ಲಿಟ್ಟರೂ ಕೆಡದ ಪಟ್ಟಿ.

ಹಿಂಡಿಯ ಬೂಷ್ಟು

ಈ ಅಚ್ಚು ಔಷಧಕ್ಕೆ ಮಾತ್ರ ಅಲ್ಲ. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಮುಸುಕಿನ ಜೋಳ ತೇವಕ್ಕೆ ಸಿಕ್ಕು ಬೂಷ್ಟು ಹಿಡಿದಾಗ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಸು ತಿಂದ ಒಂದು ದಿನದೊಳಗೆ ಅದರ ಒಂದು ಪಾಲು ರೂಪ ಬದಲಿಸಿ ಎಂ1 ಎಂಬ ಹೆಸರಿನಲ್ಲಿ ಹಾಲಿಗೆ ಬರುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಹಾಕಿರುವ ಮಿತಿ ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ. ಟ್ಯಾಂಕರಿನ ಲೆಕ್ಕದಲ್ಲಿ ಹೇಳಿದರೆ ಒಂದೆರಡು ಸಾಸಿವೆ ಕಾಳಿನ ತೂಕ. ಮೊಸರಿನ ಪಾತ್ರೆ ಇದನ್ನು ಹೇಳುವುದಿಲ್ಲ, ಹೆಪ್ಪು ಚೆನ್ನಾಗಿಯೇ ಕೂರುತ್ತದೆ. ಬೂಷ್ಟು ಹಿಡಿದ ಹಿಂಡಿಯನ್ನು ಒರೆಸಿ, ಬಿಸಿಲಿಗೆ ಒಣಗಿಸಿ ಕೊಟ್ಟರೆ ಸರಿಹೋಗುತ್ತದೆ ಎಂದು ಅನೇಕರು ನಂಬಿದ್ದೀರಿ. ಬೂಷ್ಟು ಹೋಗುತ್ತದೆ, ವಿಷ ಉಳಿಯುತ್ತದೆ. ಹಾಲು ಕುದಿಸಿದರೂ ಹೋಗುವುದಿಲ್ಲ. ಅಂಥ ಹಿಂಡಿ ನಿಲ್ಲಿಸಿದರೆ ಮಾತ್ರ ಮೂರು ನಾಲ್ಕು ದಿನಗಳಲ್ಲಿ ಹಾಲು ತಿಳಿಯಾಗುತ್ತದೆ. ಮೂಟೆಗಳನ್ನು ನೆಲಕ್ಕೆ ಇಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.

ಇಂಥ ಪರೀಕ್ಷೆ ಏಕೆ ಬೇಕು ಎಂಬುದಕ್ಕೆ 2008ರಲ್ಲಿ ಚೀನಾದಲ್ಲಿ ನಡೆದದ್ದು ಸಾಕು. ನೀರು ಬೆರೆಸಿದ ಹಾಲಿನಲ್ಲಿ ಪ್ರೋಟೀನು ಹೆಚ್ಚು ಕಾಣಲಿ ಎಂದು ಮೆಲಮಿನ್ ಎಂಬ ರಾಸಾಯನಿಕ ಸೇರಿಸಿದ್ದರು. ಪರೀಕ್ಷೆ ಅಳೆಯುತ್ತಿದ್ದುದು ಸಾರಜನಕವನ್ನು ಮಾತ್ರ, ಆದ್ದರಿಂದ ಮೋಸ ಹೋಯಿತು. ಸುಮಾರು 3 ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಸರ್ಕಾರಿ ಲೆಕ್ಕದಂತೆ 6 ಕೂಸುಗಳು ಸತ್ತವು. ಆಮೇಲೆ ಮೆಲಮಿನ್ನಿಗೂ ಅಚ್ಚು ತಯಾರಿಸಿದ್ದಾರೆ. ಕೆರೆ ಬಾವಿಯ ನೀರಿನಲ್ಲಿ ಸೇರಿದ ಕೀಟನಾಶಕಕ್ಕೂ ಇದೇ ದಾರಿ.

ಅಚ್ಚಿನ ಕುಂದು

ಇಷ್ಟು ಹೊಗಳಿದ ಮೇಲೆ ಇದರ ದೋಷವನ್ನೂ ಹೇಳಬೇಕು. ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಪಟ್ಟಿ ಹಾಲಿನಲ್ಲಿ ತಡವರಿಸುತ್ತದೆ. ಹಾಲಿನ ಜಿಡ್ಡು, ಪ್ರೋಟೀನು ಪೊರೆಯ ಮೇಲೆ ಮೆತ್ತಿಕೊಂಡು ಗುಂಡಿಗಳನ್ನು ಮುಚ್ಚುತ್ತವೆ, ಮಿಷಿನ್ನು ಅದನ್ನೇ ಔಷಧ ಎಂದುಕೊಳ್ಳಬಹುದು. ಅಚ್ಚು ಮಾಡುವಾಗ ಬಳಸಿದ ಔಷಧವನ್ನು ಪೂರ್ತಿ ತೊಳೆಯದಿದ್ದರೆ ಅದೇ ನಿಧಾನವಾಗಿ ಹೊರಬಂದು ಶುದ್ಧ ಹಾಲಿನ ಮೇಲೆ ಅಪವಾದ ಹೊರಿಸುತ್ತದೆ. ಇದನ್ನು ತಪ್ಪಿಸಲು ಅದೇ ಆಕಾರದ, ಅಪಾಯವಿಲ್ಲದ ಬೇರೊಂದು ಕಣದಿಂದ ಅಚ್ಚು ಮಾಡುವ ಉಪಾಯವಿದೆ. ವಿಷವೂ ದುಬಾರಿಯೂ ಆದ ಅಫ್ಲಾಟಾಕ್ಸಿನ್ನಿಗೆ ಹೀಗೇ ಮಾಡುತ್ತಾರೆ. ಒಂದೇ ಬಳಗದ ಔಷಧಗಳು ಅಕ್ಕತಂಗಿಯರಂತೆ ಹೋಲುವುದರಿಂದ ಒಬ್ಬಳ ಗುಂಡಿಯಲ್ಲಿ ಇನ್ನೊಬ್ಬಳು ಕೂರುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಪೆನಿಸಿಲಿನ್ ಅಚ್ಚಿಗೆ ಟೆಟ್ರಾಸೈಕ್ಲಿನ್ ಕಾಣುವುದಿಲ್ಲ. ಒಂದು ಪಟ್ಟಿ ಇಲ್ಲ ಎಂದರೆ ಅದು ಹುಡುಕಿದ ಔಷಧ ಇಲ್ಲ ಎಂದಷ್ಟೇ ಅರ್ಥ.

ಇವತ್ತು ಈ ಪಾಲಿಮರ್ ನಿಜವಾಗಿ ದುಡಿಯುತ್ತಿರುವುದು ದೊಡ್ಡ ಪ್ರಯೋಗಾಲಯಗಳಲ್ಲಿ. ಅಲ್ಲಿ ಪುಟ್ಟ ಕೊಳವೆಗಳಲ್ಲಿ ಇದನ್ನು ತುಂಬಿ, ಹಾಲು, ಜೇನು, ಮಾಂಸದ ಮಾದರಿಯಿಂದ ಬೇಕಾದ ಕಣವನ್ನು ಸೋಸಿ ತೆಗೆಯುತ್ತಾರೆ. ಆಮೇಲೆ ದೊಡ್ಡ ಯಂತ್ರಕ್ಕೆ ಕೊಡುತ್ತಾರೆ. ಸಂಘದ ಮೇಜಿನ ಮೇಲಿಡುವ ಮಿಷಿನ್ನು ಇನ್ನೂ ಬಹುಮಟ್ಟಿಗೆ ಪ್ರಯೋಗದ ಹಂತದಲ್ಲಿದೆ. ಯಾರಾದರೂ ಮಾರಲು ಬಂದರೆ ನಿಮ್ಮ ಹಾಲು ಪರೀಕ್ಷಕರು, ಆಡಳಿತ ಮಂಡಳಿಯ ಸದಸ್ಯೆಯರು ಮೂರು ಮಾತು ಕೇಳಲಿ: ಇದು ಯಾವ ಯಾವ ಔಷಧವನ್ನು ನೋಡುತ್ತದೆ? ಎಷ್ಟು ಕಡಿಮೆ ಇದ್ದರೆ ಹಿಡಿಯುತ್ತದೆ? ನೀರಿನಲ್ಲಿ ಅಲ್ಲ, ಹಸಿ ಹಾಲಿನಲ್ಲಿ ನೋಡಿದ್ದೀರಾ?

ಅಂಥ ಪಟ್ಟಿ ಬಂದ ದಿನವೂ ಲೇಬಲ್ಲಿನ ದಿನಗಳು ಕಡಿಮೆಯಾಗುವುದಿಲ್ಲ. ಆಗುವ ಉಪಯೋಗ ಬೇರೆ. ನಿತ್ರಾಣವಾದ ಹಸುವಿನ ಮೈಯಿಂದ ಔಷಧ ಹೋಗಲು ಲೇಬಲ್ಲಿನ ದಿನಗಳಿಗಿಂತ ಹೆಚ್ಚು ಹಿಡಿಯಬಹುದು. ಬತ್ತಿಸುವಾಗ ಟ್ಯೂಬ್ ಹಾಕಿದ ಹಸು ದಿನ ತುಂಬುವ ಮೊದಲೇ ಕರು ಹಾಕಿದರೂ ಹಾಗೇ. ಅಂಥ ಕಡೆ ಕ್ಯಾನಿಗೆ ಸುರಿಯುವ ಮೊದಲೇ ನಿಮಗೆ ತಿಳಿಯುತ್ತದೆ. ಪಕ್ಕದ ಮನೆಯ ತಪ್ಪಿಗೆ ನಿಮ್ಮ ಹಾಲು ಚೆಲ್ಲುವುದು ತಪ್ಪುತ್ತದೆ. ನಿಮ್ಮ ತಪ್ಪು ಕೂಡಿದ ಹಾಲಿನಲ್ಲಿ ಮರೆಯಾಗುವುದೂ ತಪ್ಪುತ್ತದೆ ಎಂಬುದನ್ನೂ ಸೇರಿಸಿ ಹೇಳುತ್ತೇನೆ.

ಅಲ್ಲಿಯವರೆಗೆ ತಡೆದ ಹಾಲನ್ನು ಕರುವಿಗೆ ಕುಡಿಸಬೇಡಿ, ಮನೆಯ ಕಾಫಿಗೂ ಬೇಡ. ಬಾವಿ, ಕೆರೆಯಿಂದ ದೂರ ಗುಂಡಿ ತೋಡಿ ಸುರಿಯಿರಿ. ಗೋಬರ್ ಗ್ಯಾಸಿನ ತೊಟ್ಟಿಗೂ ಹಾಕಬೇಡಿ, ಅಲ್ಲಿ ಗ್ಯಾಸು ಮಾಡುವವೂ ಜೀವಾಣುಗಳೇ. ಚಿಕಿತ್ಸೆಯಲ್ಲಿರುವ ಹಸುವನ್ನು ಕೊನೆಗೆ ಕರೆಯಿರಿ, ಪಾತ್ರೆ ಬೇರೆ ಇಡಿ. ಹಾಲು ತಡೆದಿರುವುದನ್ನು ಸಂಘದ ಕಾರ್ಯದರ್ಶಿಗೆ ಅದೇ ದಿನ ತಿಳಿಸಿ. ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ತಾರೀಖು ಬರೆಯಿರಿ, ಕೊನೆಯ ಇಂಜೆಕ್ಷನ್ ಆದದ್ದು ಒಂದು, ಹಾಲು ಮತ್ತೆ ಹಾಕಬಹುದಾದದ್ದು ಇನ್ನೊಂದು. ನೀವು ಊರಲ್ಲಿ ಇಲ್ಲದ ದಿನ ಹಾಲು ಕರೆಯುವ ಅತ್ತೆಗೋ ಸೊಸೆಗೋ ಅದು ಕಾಣುತ್ತದೆ. ಮಳೆಗೋ ಅವಸರಕ್ಕೋ ನಮ್ಮಂಥವರು ಹೇಳುವುದನ್ನು ಮರೆತು ಬೈಕು ಹತ್ತಿದರೆ, ತಡೆದು ನಿಲ್ಲಿಸಿ ಕೇಳಿ: ಡಾಕ್ಟ್ರೇ, ಹಾಲು ಎಷ್ಟು ದಿನ ಹಾಕಬಾರದು? ಉತ್ತರ ಸಿಗುವವರೆಗೆ ಔಷಧದ ಖಾಲಿ ಬಾಟಲಿಯನ್ನು ಎಸೆಯಬೇಡಿ, ಲೇಬಲ್ಲು ಅದರ ಮೇಲೇ ಇರುತ್ತದೆ.